ಬ್ಯಾಂಕ್ ಸ್ಟೇಷನ್‌ನಲ್ಲಿ ರೈಲು ಬದಲಿಸುವುದು ಹೇಗೆ? ದಾವಣಗೆರೆಯ ಓದುಗರಿಗೆ ಉತ್ತರ

ಪ್ರಶ್ನೆ: ನಾವು ದಾವಣಗೆರೆ ವಿದ್ಯಾನಗರದವರು. ನನಗೆ 66, ನಮ್ಮ ಮನೆಯವರಿಗೆ 61. ಮಗಳು ಲಂಡನ್ನಿನ ಗ್ರೀನಿಚ್‌ನಲ್ಲಿ, ಕಟ್ಟಿ ಸಾರ್ಕ್ ಸ್ಟೇಷನ್ ಹತ್ತಿರ ಇದ್ದಾಳೆ. ಈ ಬೇಸಿಗೆಗೆ ಎರಡು ತಿಂಗಳು ಹೋಗುತ್ತಿದ್ದೇವೆ. ಮಗಳು, ಅಳಿಯ ಇಬ್ಬರೂ ಹಗಲು ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ಊರು ನೋಡಬೇಕು ಅಂದರೆ ನಾವೇ ತಿರುಗಾಡಬೇಕು. ಎಲ್ಲಿಗೆ ಹೋಗಬೇಕಾದರೂ ಬ್ಯಾಂಕ್ ಅನ್ನುವ ಸ್ಟೇಷನ್‌ನಲ್ಲಿ ರೈಲು ಬದಲಿಸಬೇಕಂತೆ. ಅಲ್ಲಿ ಲಂಡನ್ನಿನವರೇ ದಾರಿ ತಪ್ಪುತ್ತಾರೆ ಅಂತ ಹೋಗಿ ಬಂದವರು ಹೆದರಿಸಿದ್ದಾರೆ. ಮನೆಯವರಿಗೆ ಮಂಡಿ ನೋವು, ಮೆಟ್ಟಿಲು ಹತ್ತುವುದು ಕಷ್ಟ. ಏನು ಮಾಡುವುದು?

ಉತ್ತರ: ಮೊದಲು ಸಮಾಧಾನದ ಮಾತು ಹೇಳುತ್ತೇನೆ. ನೀವು ಅಂದುಕೊಂಡಷ್ಟು ಸಲ ಬ್ಯಾಂಕ್‌ನಲ್ಲಿ ಬದಲಿಸುವ ಅಗತ್ಯ ಬರುವುದಿಲ್ಲ. ಎಲ್ಲಿ ಬದಲಿಸಬೇಕು ಅನ್ನುವುದನ್ನು ಮನೆಯಲ್ಲೇ ಕೂತು ಆರಿಸಿಕೊಂಡರೆ ಅರ್ಧ ಕಷ್ಟ ಅಲ್ಲೇ ಮುಗಿಯುತ್ತದೆ. ನಿಲ್ದಾಣಗಳ ಒಳಗೆ ಜನ ಹೇಗೆ ಓಡಾಡುತ್ತಾರೆ, ಎಲ್ಲಿ ತಡವರಿಸುತ್ತಾರೆ ಅಂತ ನೋಡುವುದೇ ನನ್ನ ಕೆಲಸ. ದಾರಿ ತಪ್ಪುವವರಲ್ಲಿ ಹೆಚ್ಚಿನವರು ತಪ್ಪುವುದು ಸುರಂಗದಲ್ಲಲ್ಲ. ನಕ್ಷೆಯನ್ನು ನಂಬಿ ಮನೆಯಿಂದ ಹೊರಡುವಾಗಲೇ ತಪ್ಪಿರುತ್ತಾರೆ.

ಲಂಡನ್ ಅಂಡರ್‌ಗ್ರೌಂಡ್, ಅಂದರೆ ನೆಲದಡಿಯ ರೈಲಿನ, ಆ ಬಣ್ಣ ಬಣ್ಣದ ನಕ್ಷೆ ನೋಡಿರುತ್ತೀರಿ. ಅದರ ಮೂಲ ರೂಪ ಬರೆದವರು ಹ್ಯಾರಿ ಬೆಕ್. ಅವರು ಎಲೆಕ್ಟ್ರಿಕಲ್ ನಕ್ಷೆ ಬರೆಯುತ್ತಿದ್ದವರು. 1931ರಲ್ಲಿ ಬರೆದರು, 1933ರಲ್ಲಿ ಅದು ಜನರ ಕೈಗೆ ಬಂತು. ಕರೆಂಟಿನ ವೈರಿಂಗ್ ನಕ್ಷೆಯ ಹಾಗೆ ಎಲ್ಲ ಗೆರೆ ನೆಟ್ಟಗೆ, ಎಲ್ಲ ಸ್ಟೇಷನ್ ಸಮ ದೂರಕ್ಕೆ. ಯಾವ ಲೈನ್ ಯಾವುದಕ್ಕೆ ಸೇರುತ್ತದೆ ಅಂತ ತಿಳಿಯಲು ಅದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ. ಆದರೆ ನಡಿಗೆ ಎಷ್ಟು, ಮೆಟ್ಟಿಲು ಎಷ್ಟು ಅನ್ನುವುದು ಅದರಲ್ಲಿ ಕಾಣುವುದಿಲ್ಲ. ನಕ್ಷೆಯ ಮೇಲೆ ಬ್ಯಾಂಕ್ ಅಂದರೆ ಒಂದಕ್ಕೊಂದು ಸೇರಿದ ಬಿಳಿ ಸುತ್ತುಗಳು, ಅಷ್ಟೇ. ನೆಲದಡಿ ಹೋದರೆ ಅದೇ ಒಂದು ಸಣ್ಣ ಪೇಟೆ.

ಚಿತ್ರದುರ್ಗದ ಕೋಟೆಗೆ ನೀವು ಹೋಗಿಯೇ ಇರುತ್ತೀರಿ. ಒಂದು ಬಾಗಿಲು ದಾಟಿದರೆ ಮುಂದಿನ ಬಾಗಿಲು ಎದುರಿಗೆ ಕಾಣುವುದಿಲ್ಲ. ಗೋಡೆ ಹಿಡಿದು ತಿರುಗಬೇಕು, ಮತ್ತೆ ತಿರುಗಬೇಕು. ಶತ್ರುವಿಗೆ ದಿಕ್ಕು ತಪ್ಪಲಿ ಅಂತ ಬೇಕೆಂದೇ ಹಾಗೆ ಕಟ್ಟಿದ್ದು. ಬ್ಯಾಂಕ್ ಸ್ಟೇಷನ್ನೂ ಅಷ್ಟೇ ಸುತ್ತು. ಆದರೆ ಅದನ್ನು ಯಾರೂ ಬೇಕೆಂದು ಹಾಗೆ ಕಟ್ಟಲಿಲ್ಲ. ಪಕ್ಕದ ಮಾನ್ಯುಮೆಂಟ್ ಸ್ಟೇಷನ್ 1884ರಲ್ಲಿ ಬಂತು. ಬ್ಯಾಂಕ್ ಕಡೆ 1898ರಲ್ಲಿ ವಾಟರ್‌ಲೂಗೆ ಹೋಗುವ ಸಣ್ಣ ಲೈನ್ ಬಂತು. 1900ರಲ್ಲಿ ಇನ್ನೆರಡು ಬಂದವು: ಇವತ್ತಿನ ನಾರ್ದರ್ನ್ ಮತ್ತು ಸೆಂಟ್ರಲ್. ಇವೆಲ್ಲ ಬೇರೆ ಬೇರೆ ಕಂಪನಿಗಳ ಕೆಲಸ. ಒಬ್ಬರ ಸುರಂಗಕ್ಕೆ ಇನ್ನೊಬ್ಬರ ಸುರಂಗ ಹೊಂದಬೇಕು ಅಂತ ಯಾರಿಗೂ ಇರಲಿಲ್ಲ. ಬ್ಯಾಂಕನ್ನೂ ಮಾನ್ಯುಮೆಂಟನ್ನೂ ಒಳಗಿಂದ ಎಸ್ಕಲೇಟರ್ ಹಾಕಿ ಸೇರಿಸಿದ್ದು 1933ರಲ್ಲಿ. ಮಗಳ ಮನೆ ಹತ್ತಿರದ ಕಟ್ಟಿ ಸಾರ್ಕ್‌ನಲ್ಲಿ ನೀವು ಹತ್ತುವ ಡಿಎಲ್ಆರ್ (ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ) ರೈಲು ಅಲ್ಲಿಗೆ ಬಂದದ್ದು 1991ರಲ್ಲಿ. ಅಷ್ಟು ಹೊತ್ತಿಗೆ ಮೇಲಿನ ಜಾಗವೆಲ್ಲ ತುಂಬಿತ್ತು. ಅದಕ್ಕೇ ಅದು ಎಲ್ಲಕ್ಕಿಂತ ಕೆಳಗೆ, ಸುಮಾರು 40 ಮೀಟರ್ ಆಳದಲ್ಲಿದೆ. ತಾತ ಕಟ್ಟಿದ ಮನೆಗೆ ಅಪ್ಪ ಒಂದು ಕೋಣೆ ಸೇರಿಸಿ, ಮಗ ಇನ್ನೊಂದು ಸೇರಿಸಿ, ಕೊನೆಗೆ ಅಡುಗೆಮನೆಗೆ ಹೋಗಲು ಮಲಗುವ ಕೋಣೆ ದಾಟಬೇಕಾಗುತ್ತದಲ್ಲ, ಹಾಗಾಗಿದೆ.

ಈ ಇತಿಹಾಸ ಸುಮ್ನೆ ಹೇಳಲಿಲ್ಲ. ಒಳಗಿನ ಆಕಾರ ಮನಸ್ಸಿನಲ್ಲಿ ಕೂರಲಿ ಅಂತ ಹೇಳಿದೆ. ಬ್ಯಾಂಕ್ ಅನ್ನು ಒಂದು ಉದ್ದನೆ ಓಣಿ ಅಂದುಕೊಳ್ಳಿ. ಉತ್ತರದ ತುದಿಯಲ್ಲಿ ಸೆಂಟ್ರಲ್ ಲೈನ್. ದಕ್ಷಿಣದ ತುದಿಯಲ್ಲಿ ಮಾನ್ಯುಮೆಂಟ್, ಅಂದರೆ ಡಿಸ್ಟ್ರಿಕ್ಟ್ ಮತ್ತು ಸರ್ಕಲ್ ಲೈನ್. ನಡುವೆ ನಾರ್ದರ್ನ್ ಲೈನ್, ಅದರ ಕೆಳಗೆ ನಿಮ್ಮ ಡಿಎಲ್ಆರ್. ಇಷ್ಟು ನೆನಪಿದ್ದರೆ ಸಾಕು. ನೀವು ಓಣಿಯ ನಡುವೆ, ತಳದಲ್ಲಿ ಇಳಿಯುತ್ತೀರಿ. ಪ್ಲಾಟ್‌ಫಾರ್ಮಿನ ಒಂದು ತುದಿ ಸೆಂಟ್ರಲ್ ಕಡೆಗೆ, ಇನ್ನೊಂದು ತುದಿ ಮಾನ್ಯುಮೆಂಟ್ ಕಡೆಗೆ. ತಪ್ಪು ತುದಿಗೆ ಹೋದರೆ ಅಷ್ಟೂ ದೂರ ವಾಪಸ್ ನಡೆಯಬೇಕು. ಮಂಡಿ ನೋವಿದ್ದವರಿಗೆ ದುಬಾರಿ ತಪ್ಪು ಅಂದರೆ ಇದೇ.

ಹಾಗಾಗಿ ರೈಲಿನಿಂದ ಇಳಿದ ಕೂಡಲೇ ಜನರ ಹಿಂದೆ ಹೊರಡಬೇಡಿ. ಡಿಎಲ್ಆರ್‌ಗೆ ಬ್ಯಾಂಕ್ ಕೊನೆಯ ನಿಲ್ದಾಣ, ಎಲ್ಲರೂ ಇಳಿಯುತ್ತಾರೆ. ನಿಮಗೆ ಅವಸರವಿಲ್ಲ. ಗೋಡೆ ಬದಿಗೆ ನಿಂತು ಒಂದು ನಿಮಿಷ ಜನ ಹೋಗಲು ಬಿಡಿ. ಪ್ಲಾಟ್‌ಫಾರ್ಮ್ ಖಾಲಿಯಾದ ಮೇಲೆ ತಲೆಯ ಮೇಲಿನ ಬೋರ್ಡು ಓದಿ. ಮುಂದೆ ಹೋದವರಲ್ಲಿ ಬಹಳ ಜನ ಆಫೀಸಿಗೆ ಹೋಗುವವರು, ಹೊರಗೆ ಹೋಗುವ ದಾರಿ ಹಿಡಿದಿರುತ್ತಾರೆ. ಅವರ ದಾರಿ ನಿಮ್ಮದಲ್ಲ.

ಬೋರ್ಡು ಓದುವುದಕ್ಕೆ ಒಂದು ಕ್ರಮ ಇದೆ. ಮೊದಲು ಹುಡುಕಬೇಕಾದ್ದು ಲೈನಿನ ಹೆಸರು ಮತ್ತು ಬಣ್ಣ. ಸೆಂಟ್ರಲ್ ಕೆಂಪು, ನಾರ್ದರ್ನ್ ಕಪ್ಪು, ಡಿಸ್ಟ್ರಿಕ್ಟ್ ಹಸಿರು, ಸರ್ಕಲ್ ಹಳದಿ. ದಿಕ್ಕಿನ ಚಿಂತೆ ಆಗಲೇ ಬೇಡ. ಆ ಲೈನಿನ ಬಾಯಿಗೆ ಬಂದು ನಿಂತ ಮೇಲೆ ದಾರಿ ಎರಡಾಗಿ ಒಡೆಯುತ್ತದೆ. ಅಲ್ಲಿ ದಿಕ್ಕು ನೋಡಿ. ಲಂಡನ್ನಿನಲ್ಲಿ ದಿಕ್ಕನ್ನು ಉತ್ತರಕ್ಕೆ, ದಕ್ಷಿಣಕ್ಕೆ, ಪೂರ್ವಕ್ಕೆ, ಪಶ್ಚಿಮಕ್ಕೆ ಅಂತ ಬರೆದಿರುತ್ತಾರೆ. ನೆಲದಡಿ ನಿಂತವರಿಗೆ ಉತ್ತರ ಎಲ್ಲಿ ಅಂತ ಗೊತ್ತಾಗುವುದು ಹೇಗೆ? ಗೊತ್ತಾಗಬೇಕಾಗಿಯೂ ಇಲ್ಲ. ಅದೇ ಗೋಡೆಯ ಮೇಲೆ ಆ ಕಡೆಯ ರೈಲು ನಿಲ್ಲುವ ಸ್ಟೇಷನ್‌ಗಳ ಪಟ್ಟಿ ಇರುತ್ತದೆ. ನೀವು ಇಳಿಯಬೇಕಾದ ಊರು ಯಾವ ಪಟ್ಟಿಯಲ್ಲಿದೆಯೋ ಆ ಕಡೆ ಹೋಗಿ. ನೂರಾರು ಜನರಿಗೆ ಇದನ್ನು ಹೇಳಿಕೊಟ್ಟಿದ್ದೇನೆ. ಪಟ್ಟಿ ಓದಿ ಹೋದವರು ತಪ್ಪು ರೈಲು ಹತ್ತಿದ್ದನ್ನು ನಾನು ನೋಡಿಲ್ಲ.

ಇದನ್ನೆಲ್ಲ ಇಲ್ಲಿಂದ ಹೊರಡುವ ಮುಂಚೆ ಒಂದು ಸಲ ಅಭ್ಯಾಸ ಮಾಡಿಬಿಡಿ ಅಂತ ನನ್ನ ಒತ್ತಾಯ. ವೀಸಾ ಕೆಲಸಕ್ಕೋ ಬೇರೆ ಕೆಲಸಕ್ಕೋ ಬೆಂಗಳೂರಿಗೆ ಹೋಗಿಯೇ ಹೋಗುತ್ತೀರಿ. ದಾವಣಗೆರೆಯಿಂದ ರೈಲು ಹತ್ತಿದವರು ಯಶವಂತಪುರದಲ್ಲಿ ಇಳಿಯಿರಿ. ಅಲ್ಲಿ ಹಸಿರು ಮೆಟ್ರೋ ಸಿಗುತ್ತದೆ. ರೇಷ್ಮೆ ಸಂಸ್ಥೆ ಕಡೆಗೆ ಹೋಗುವ ರೈಲು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದು, ನೇರಳೆ ಲೈನಿಗೆ ಬದಲಿಸಿ. ಹಸಿರು ಲೈನ್ ಕೆಳಗೆ, ನೇರಳೆ ಅದರ ಮೇಲೆ. ವೈಟ್‌ಫೀಲ್ಡ್ ಕಡೆಯ ರೈಲು ಹಿಡಿದು ಕಬ್ಬನ್ ಪಾರ್ಕ್‌ನಲ್ಲಿ ಇಳಿದು, ಮರಗಳ ಕೆಳಗೆ ಒಂದು ಗಂಟೆ ಕೂತು, ವಾಪಸ್ ಬನ್ನಿ. ಬರುವಾಗ ಚಲ್ಲಘಟ್ಟ ಕಡೆಯ ರೈಲು, ಆಮೇಲೆ ಮಾದಾವರ ಕಡೆಯ ರೈಲು. ಇಲ್ಲಿ ದಿಕ್ಕಿನ ಬದಲು ಕೊನೆಯ ನಿಲ್ದಾಣದ ಹೆಸರು ಹಾಕುತ್ತಾರೆ, ಅಷ್ಟೇ ವ್ಯತ್ಯಾಸ. ಮೊದಲು ಲೈನ್, ಆಮೇಲೆ ಕಡೆ ಅನ್ನುವ ಕ್ರಮ ಎರಡೂ ಊರಲ್ಲಿ ಒಂದೇ. ಮುಖ್ಯವಾದ ಮಾತು: ಹೋಗುವಾಗ ನೀವು ದಾರಿ ನೋಡಿ, ಬರುವಾಗ ನಿಮ್ಮ ಮನೆಯವರು ನೋಡಲಿ. ಗಂಡನ ಹಿಂದೆ ನಡೆದು ಬಂದವರಿಗೆ ದಾರಿ ಗೊತ್ತಾಗುವುದಿಲ್ಲ. ಲಂಡನ್ನಿನಲ್ಲಿ ಒಂದು ದಿನ ನಿಮಗೆ ಜ್ವರ ಬಂದು ಅವರೊಬ್ಬರೇ ಹೋಗಬೇಕಾದರೆ ಈ ಅಭ್ಯಾಸ ಕೈ ಹಿಡಿಯುತ್ತದೆ.

ಈಗ ಎಲ್ಲಿ ಬ್ಯಾಂಕ್ ಬೇಕು, ಎಲ್ಲಿ ಬೇಡ ಅನ್ನುವುದಕ್ಕೆ ಬರೋಣ.

ಪಾರ್ಲಿಮೆಂಟ್, ಬಿಗ್ ಬೆನ್ ನೋಡಲು ವೆಸ್ಟ್‌ಮಿನ್‌ಸ್ಟರ್‌ಗೆ ಹೋಗಬೇಕು. ನಕ್ಷೆ ನೋಡಿದವರು ಬ್ಯಾಂಕ್‌ನಲ್ಲಿ ಇಳಿದು, ಮಾನ್ಯುಮೆಂಟ್‌ಗೆ ನಡೆದು, ಡಿಸ್ಟ್ರಿಕ್ಟ್ ಲೈನ್ ಹಿಡಿಯಿರಿ ಅನ್ನುತ್ತಾರೆ. ನಿಮ್ಮ ಮನೆಯವರಿಗೆ ಅದು ಬೇಡ. ಮಾನ್ಯುಮೆಂಟ್ ಕಡೆ ಲಿಫ್ಟ್ ನಂಬಿಕೊಂಡು ಹೋಗುವ ಹಾಗಿಲ್ಲ. ಅದರ ಬದಲು ಕಟ್ಟಿ ಸಾರ್ಕ್‌ನಿಂದ ಡಿಎಲ್ಆರ್ ಹತ್ತಿ ಹೆರಾನ್ ಕೀಸ್‌ನಲ್ಲಿ ಇಳಿಯಿರಿ. ಅಲ್ಲಿಂದ ಸ್ವಲ್ಪ ನಡೆದರೆ ಜೂಬಿಲಿ ಲೈನಿನ ಕ್ಯಾನರಿ ವಾರ್ಫ್ ಸ್ಟೇಷನ್. ಅಲ್ಲಿ ಹತ್ತಿದರೆ ವೆಸ್ಟ್‌ಮಿನ್‌ಸ್ಟರ್‌ಗೆ ನೇರ ರೈಲು. ಆ ಎರಡು ಸ್ಟೇಷನ್‌ಗಳಲ್ಲೂ ರಸ್ತೆಯಿಂದ ರೈಲಿನವರೆಗೆ ಲಿಫ್ಟ್ ಇದೆ, ಒಂದು ಮೆಟ್ಟಿಲೂ ಹತ್ತಬೇಕಾಗಿಲ್ಲ.

ಬ್ರಿಟಿಷ್ ಮ್ಯೂಸಿಯಂಗೆ ಎಲಿಜಬೆತ್ ಲೈನ್ ಹಿಡಿಯಿರಿ. 2022ರ ಮೇ ತಿಂಗಳಲ್ಲಿ ಶುರುವಾದ ಲೈನ್ ಅದು. ದೊಡ್ಡ ಪ್ಲಾಟ್‌ಫಾರ್ಮ್, ಎಲ್ಲ ಸ್ಟೇಷನ್‌ನಲ್ಲೂ ಮೆಟ್ಟಿಲಿಲ್ಲದ ದಾರಿ. ಕ್ಯಾನರಿ ವಾರ್ಫ್‌ನಲ್ಲಿ ಹತ್ತಿ ಟಾಟ್ನಮ್ ಕೋರ್ಟ್ ರೋಡ್‌ನಲ್ಲಿ ಇಳಿದರೆ ಮ್ಯೂಸಿಯಂ ನಡಿಗೆಯ ದೂರ. ಒಂದು ಎಚ್ಚರಿಕೆ ಮಾತ್ರ. ಕ್ಯಾನರಿ ವಾರ್ಫ್ ಅನ್ನುವ ಹೆಸರಿನಲ್ಲಿ ಮೂರು ಸ್ಟೇಷನ್ ಇವೆ: ಡಿಎಲ್ಆರ್‌ದು ಒಂದು, ಜೂಬಿಲಿಯದು ಒಂದು, ಎಲಿಜಬೆತ್ ಲೈನಿನದು ಒಂದು. ಮೂರೂ ಬೇರೆ ಬೇರೆ ಕಡೆ, ಒಂದರಿಂದ ಇನ್ನೊಂದಕ್ಕೆ ಹೊರಗೆ ಬಂದು ನಡೆಯಬೇಕು. ಬ್ಯಾಂಕ್ ಮತ್ತು ಮಾನ್ಯುಮೆಂಟ್ ಇದಕ್ಕೆ ಉಲ್ಟಾ: ಹೆಸರು ಎರಡು, ಒಳಗೆ ಸ್ಟೇಷನ್ ಒಂದೇ. ಹೆಸರು ನೋಡಿ ತೀರ್ಮಾನ ಮಾಡಬಾರದು ಅನ್ನುವುದು ಇದಕ್ಕೇ. ಅಂದಹಾಗೆ ಇದೇ ಎಲಿಜಬೆತ್ ಲೈನಿನಲ್ಲಿ ಹೀಥ್ರೂ ವಿಮಾನ ನಿಲ್ದಾಣಕ್ಕೆ ನೇರ ರೈಲುಗಳಿವೆ. ಊರಿಗೆ ಹೊರಡುವ ದಿನ ಸೂಟ್‌ಕೇಸ್ ಎಳೆದುಕೊಂಡು ಬ್ಯಾಂಕ್ ಒಳಗೆ ಅಲೆಯಬೇಡಿ.

ಲಂಡನ್ ಟವರ್ ಕೋಟೆಗೆ ಹೋಗುವುದು ಇನ್ನೂ ಸುಲಭ. ಬ್ಯಾಂಕ್ ಕಡೆಗೆ ಹೋಗುವ ಡಿಎಲ್ಆರ್‌ನಲ್ಲಿ ಲೈಮ್‌ಹೌಸ್ ಅಥವಾ ಶ್ಯಾಡ್‌ವೆಲ್‌ನಲ್ಲಿ ಇಳಿಯಿರಿ. ಅದೇ ಪ್ಲಾಟ್‌ಫಾರ್ಮಿಗೆ ಟವರ್ ಗೇಟ್‌ವೇ ಅಂತ ಬೋರ್ಡು ಹಾಕಿಕೊಂಡ ರೈಲು ಬರುತ್ತದೆ. ನಿಂತಲ್ಲೇ ನಿಂತು ಹತ್ತಿದರಾಯಿತು.

ಸೇಂಟ್ ಪಾಲ್ಸ್ ಚರ್ಚಿಗೆ ಬ್ಯಾಂಕ್‌ವರೆಗೆ ಹೋಗಿ. ಆದರೆ ಸೆಂಟ್ರಲ್ ಲೈನಿಗೆ ಬದಲಿಸಬೇಡಿ. ಒಂದೇ ಸ್ಟೇಷನ್ ದೂರ. ಅಷ್ಟಕ್ಕೆ ಒಳಗೊಳಗೇ ನಡೆದು, ಎಸ್ಕಲೇಟರ್ ಹತ್ತಿಳಿದು ದಣಿಯುವ ಬದಲು ಹೊರಗೆ ಬಂದು ಚೀಪ್‌ಸೈಡ್ ರಸ್ತೆಯಲ್ಲಿ ನಿಧಾನವಾಗಿ ನಡೆಯಿರಿ. ಸಮತಟ್ಟಾದ ದಾರಿ, ಅಂಗಡಿ ನೋಡುತ್ತಾ ಹತ್ತು ಹದಿನೈದು ನಿಮಿಷ. ಸೆಂಟ್ರಲ್ ಲೈನಿನ ಪ್ಲಾಟ್‌ಫಾರ್ಮಿಗೆ ಬ್ಯಾಂಕ್‌ನಲ್ಲಿ ಮೆಟ್ಟಿಲಿಲ್ಲದ ದಾರಿ ಇಲ್ಲ. ಜೊತೆಗೆ ಆ ಪ್ಲಾಟ್‌ಫಾರ್ಮ್ ಬಿಲ್ಲಿನ ಹಾಗೆ ಬಾಗಿದೆ. ಆಗಿನವರು ಸುರಂಗವನ್ನು ಮೇಲಿನ ರಸ್ತೆಯ ಜಾಡಿನಲ್ಲೇ ಕೊರೆದರು. ರಸ್ತೆ ತಿರುಗಿದಲ್ಲಿ ಸುರಂಗವೂ ತಿರುಗಿತು. ನೆಟ್ಟಗಿನ ಬೋಗಿ ಬಾಗಿದ ಪ್ಲಾಟ್‌ಫಾರ್ಮಿಗೆ ಬಂದು ನಿಂತಾಗ ನಡುವೆ ದೊಡ್ಡ ಸಂದು ಉಳಿಯುತ್ತದೆ. ಮುಂದೆ ಯಾವಾಗಲಾದರೂ ಅಲ್ಲಿ ಹತ್ತಲೇಬೇಕಾದರೆ ಕೆಳಗೆ ನೋಡಿಕೊಂಡು ಕಾಲಿಡಿ. ಸೀರೆ ಉಟ್ಟಿದ್ದರೆ ನೆರಿಗೆ ಸ್ವಲ್ಪ ಎತ್ತಿ ಹಿಡಿಯಲಿ.

ಹಾಗಾದರೆ ಬ್ಯಾಂಕ್‌ನಲ್ಲಿ ಬದಲಿಸುವುದು ಯಾವಾಗ? ನಾರ್ದರ್ನ್ ಲೈನ್ ಬೇಕಾದಾಗ. ಕಿಂಗ್ಸ್ ಕ್ರಾಸ್, ಬ್ರಿಟಿಷ್ ಲೈಬ್ರರಿ ಕಡೆಗೆ, ಇಲ್ಲವೇ ಲಂಡನ್ ಬ್ರಿಡ್ಜ್ ಪಕ್ಕದ ಬರೋ ಮಾರ್ಕೆಟ್‌ಗೆ. ಈ ಬದಲಾವಣೆ ಈಗ ನಿಜಕ್ಕೂ ಚೆನ್ನಾಗಿದೆ, ಯಾಕೆ ಅಂತ ಸ್ವಲ್ಪ ಹೇಳಲೇಬೇಕು. 2022ರ ಜನವರಿಯಿಂದ ಮೇ ವರೆಗೆ ಬ್ಯಾಂಕ್‌ನ ನಾರ್ದರ್ನ್ ಲೈನನ್ನೇ ಮುಚ್ಚಿದರು. ದಕ್ಷಿಣಕ್ಕೆ ಹೋಗುವ ರೈಲಿಗೆ ಹೊಸ ಸುರಂಗ, ಹೊಸ ಪ್ಲಾಟ್‌ಫಾರ್ಮ್ ಕೊಟ್ಟರು. ಹಳೆಯ ಹಳಿ ಇದ್ದ ಗುಂಡಿಯನ್ನು ತುಂಬಿ, ಅಲ್ಲಿ ಜನ ಓಡಾಡುವ ಅಗಲವಾದ ಜಾಗ ಮಾಡಿದರು. ಮುಂಚೆ ಅಲ್ಲಿ ಒಬ್ಬರ ಹೆಗಲು ಇನ್ನೊಬ್ಬರಿಗೆ ತಾಗದೆ ನಡೆಯುವ ಹಾಗಿರಲಿಲ್ಲ. ಇಡೀ ಕೆಲಸದಲ್ಲಿ 12 ಹೊಸ ಎಸ್ಕಲೇಟರ್, ಎರಡು ಹೊಸ ಲಿಫ್ಟ್ ಬಂದವು. ಸೆಂಟ್ರಲ್ ಕಡೆಗೆ ನಡೆಯುವವರಿಗೆ 94 ಮೀಟರ್ ಉದ್ದದ ಚಲಿಸುವ ದಾರಿ ಬಂತು. ಕ್ಯಾನನ್ ಸ್ಟ್ರೀಟ್ ಕಡೆಯ ಹೊಸ ಬಾಗಿಲು 2023ರ ಫೆಬ್ರವರಿಯಲ್ಲಿ ತೆರೆಯಿತು. ನೂರು ವರ್ಷ ಒಂದರ ಮೇಲೊಂದು ಕಟ್ಟುತ್ತಾ ಹೋದ ಗೊಂದಲವನ್ನು, ಉಳಿದ ಲೈನುಗಳ ರೈಲು ಓಡುತ್ತಿರುವಾಗಲೇ, ಊರಿನ ಕೆಳಗಿಂದಲೇ ಬಿಡಿಸಿದ್ದಾರೆ. ನಮ್ಮ ಕಸುಬಿನವರಿಗೆ ಇದು ಕಣ್ಣು ತುಂಬುವ ಕೆಲಸ. ನಿಮ್ಮ ಮನೆಯವರಿಗೆ ಇದರ ಲಾಭ ಏನೆಂದರೆ, ಡಿಎಲ್ಆರ್‌ನಿಂದ ನಾರ್ದರ್ನ್ ಲೈನಿಗೆ ಲಿಫ್ಟಿನಲ್ಲೇ ಹೋಗಬಹುದು.

ಲಿಫ್ಟಿನ ವಿಚಾರದಲ್ಲಿ ನಕ್ಷೆ ಓದುವುದೂ ಕಲಿಯಿರಿ. ಸ್ಟೇಷನ್ ಹೆಸರಿನ ಪಕ್ಕ ಗಾಲಿಕುರ್ಚಿಯ ಗುರುತು ನೀಲಿ ಸುತ್ತಿನಲ್ಲಿದ್ದರೆ ರಸ್ತೆಯಿಂದ ರೈಲಿನ ಒಳಗಿನವರೆಗೂ ಮೆಟ್ಟಿಲಿಲ್ಲ. ಬಿಳಿ ಸುತ್ತಿನಲ್ಲಿದ್ದರೆ ಪ್ಲಾಟ್‌ಫಾರ್ಮಿನವರೆಗೆ ಮಾತ್ರ, ರೈಲಿಗೆ ಹತ್ತುವಾಗ ಎತ್ತರ ವ್ಯತ್ಯಾಸವೋ ಸಂದೋ ಇರುತ್ತದೆ. ಗುರುತು ಇದ್ದ ಮಾತ್ರಕ್ಕೆ ಆ ಸ್ಟೇಷನ್ನಿನ ಎಲ್ಲ ಲೈನಿಗೂ ಲಿಫ್ಟ್ ಇದೆ ಅಂತಲ್ಲ, ಬ್ಯಾಂಕೇ ಅದಕ್ಕೆ ಸಾಕ್ಷಿ. ಹೊರಡುವ ದಿನ ಬೆಳಿಗ್ಗೆ ಲಿಫ್ಟ್ ಕೆಲಸ ಮಾಡುತ್ತಿದೆಯೇ ಅಂತ ಮಗಳ ಕೈಲಿ ಫೋನಿನಲ್ಲಿ ನೋಡಿಸಿಕೊಳ್ಳಿ. ಇನ್ನೊಂದು: ಸೀಟು ಬಿಟ್ಟುಕೊಡಿ ಅಂತ ಕೇಳುವ ನೀಲಿ ಬಿಲ್ಲೆಯೊಂದನ್ನು ಲಂಡನ್ ಸಾರಿಗೆಯವರು ಪುಕ್ಕಟೆ ಕೊಡುತ್ತಾರೆ. ಹೊರಗೆ ಕಾಣದ ನೋವಿದ್ದವರಿಗಾಗಿಯೇ ಮಾಡಿದ್ದು. ಮಂಡಿ ನೋವಿಗೆ ಅದನ್ನು ಹಾಕಿಕೊಳ್ಳಲು ಸಂಕೋಚ ಬೇಡ. ಎಸ್ಕಲೇಟರ್‌ನಲ್ಲಿ ಬಲಗಡೆ ನಿಲ್ಲಿ, ಎಡಗಡೆ ಓಡುವವರಿಗೆ ಬಿಡಿ. ಗಂಡ ಹೆಂಡತಿ ಪಕ್ಕಪಕ್ಕ ನಿಲ್ಲುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ, ಒಬ್ಬರ ಹಿಂದೆ ಒಬ್ಬರು.

ಹೊತ್ತು ಕೂಡ ಮುಖ್ಯ. ಬ್ಯಾಂಕ್ ಸುತ್ತಮುತ್ತ ಪೂರಾ ಆಫೀಸುಗಳು. ಕೆಲಸದ ದಿನಗಳಲ್ಲಿ ಬೆಳಿಗ್ಗೆ 9.30ರ ಒಳಗೆ, ಸಂಜೆ 4ರಿಂದ 7ರವರೆಗೆ ಅಲ್ಲಿನ ನೂಕುನುಗ್ಗಲು ದುಗ್ಗಮ್ಮನ ಜಾತ್ರೆಯನ್ನು ನೆನಪಿಸುತ್ತದೆ. ಆ ಹೊತ್ತಿನಲ್ಲಿ ಟಿಕೆಟ್ ದರವೂ ಜಾಸ್ತಿ. ಮನೆಯಲ್ಲಿ ಆರಾಮಾಗಿ ತಿಂಡಿ ತಿಂದು 10ಕ್ಕೆ ಹೊರಡಿ, 3.30ರೊಳಗೆ ವಾಪಸ್ ರೈಲು ಹತ್ತಿ.

ಟಿಕೆಟ್ ಬದಲು ಬಳಸುವ ಕಾರ್ಡ್ ಬಗ್ಗೆ ಒಂದೇ ಮಾತು. ನಡುವೆ ಸ್ಟೇಷನ್ನಿಂದ ಹೊರಗೆ ಬರದೆ ರೈಲು ಬದಲಿಸುವ ಪ್ರಯಾಣದಲ್ಲಿ ಹೊರಡುವ ಸ್ಟೇಷನ್‌ನಲ್ಲಿ ಒಮ್ಮೆ, ಕೊನೆಗೆ ಇಳಿಯುವ ಸ್ಟೇಷನ್‌ನಲ್ಲಿ ಒಮ್ಮೆ ತಾಗಿಸಬೇಕು. ಡಿಎಲ್ಆರ್‌ನ ಎಷ್ಟೋ ಸ್ಟೇಷನ್‌ಗಳಲ್ಲಿ ಗೇಟೇ ಇರುವುದಿಲ್ಲ, ಕಾರ್ಡ್ ತಾಗಿಸುವ ಕಂಬ ಮಾತ್ರ ಇರುತ್ತದೆ. ಅಲ್ಲೂ ಮರೆಯದೆ ತಾಗಿಸಿ. ಬ್ಯಾಂಕ್ ಒಳಗೆ ಲೈನ್ ಬದಲಿಸುವಾಗ ಎಲ್ಲೂ ಗೇಟ್ ದಾಟಬೇಕಾಗಿಲ್ಲ. ಎದುರಿಗೆ ಗೇಟ್ ಕಂಡಿತು ಅಂದರೆ ನೀವು ಹೊರಗೆ ಹೋಗುವ ದಾರಿಯಲ್ಲಿದ್ದೀರಿ, ಅಲ್ಲೇ ನಿಂತು ಹಿಂದಿನ ಬೋರ್ಡಿಗೆ ಮರಳಿ.

ಇಬ್ಬರೂ ಕೈ ತಪ್ಪಿದರೆ? ನನ್ನ ಅಮ್ಮ ಮೊದಲ ಸಲ ಲಂಡನ್ನಿಗೆ ಬಂದಾಗ ಹೀಗೇ ಆಯಿತು. ಅಪ್ಪ ಹತ್ತಿದರು, ಬಾಗಿಲು ಮುಚ್ಚಿತು, ಅಮ್ಮ ಪ್ಲಾಟ್‌ಫಾರ್ಮಿನಲ್ಲೇ ಉಳಿದರು. ಪುಣ್ಯಕ್ಕೆ ಮನೆಯಲ್ಲೇ ಮಾತಾಡಿಕೊಂಡಿದ್ದೆವು: ರೈಲಿನಲ್ಲಿ ಹೋದವರು ಮುಂದಿನ ಸ್ಟೇಷನ್‌ನಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಉಳಿದವರು ಮುಂದಿನ ರೈಲು ಹತ್ತಿ ಅಲ್ಲಿಗೆ ಬರಬೇಕು. ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮುಂದಿನ ರೈಲು ಹತ್ತಿದರು, ಮುಂದಿನ ಸ್ಟೇಷನ್‌ನಲ್ಲಿ ಇಳಿದರು, ಅಪ್ಪ ಎದುರಿಗೇ ಇದ್ದರು. ನೀವೂ ಈ ಮಾತನ್ನು ಇವತ್ತೇ ಆಡಿಕೊಳ್ಳಿ. ಎರಡೂ ಜೇಬಿನಲ್ಲಿ ಮಗಳ ಫೋನ್ ನಂಬರ್, ಹೋಗುವ ಲೈನಿನ ಹೆಸರು, ಇಳಿಯುವ ಸ್ಟೇಷನ್ ಬರೆದ ಚೀಟಿ ಇರಲಿ. ಫೋನ್ ಬ್ಯಾಟರಿ ಮುಗಿಯಬಹುದು, ಚೀಟಿಗೆ ಆ ಭಯವಿಲ್ಲ. ಸ್ಟೇಷನ್ ಸಿಬ್ಬಂದಿಗೆ ಚೀಟಿ ತೋರಿಸಿದರೆ ಸಾಕು, ಕೈ ಮಾಡಿ ದಾರಿ ತೋರಿಸುತ್ತಾರೆ.

ಕೊನೆಗೆ ವಾಪಸ್ ಬರುವ ದಾರಿ. ಬ್ಯಾಂಕ್‌ನಲ್ಲಿ ಡಿಎಲ್ಆರ್ ಬೋರ್ಡು ಹಿಡಿದು ಕೆಳಗೆ ಇಳಿಯಿರಿ. ಅಲ್ಲಿಂದ ಎರಡು ಊರಿಗೆ ರೈಲು ಹೊರಡುತ್ತದೆ: ಲೂಯಿಷಮ್ ಮತ್ತು ವುಲಿಚ್ ಆರ್ಸೆನಲ್. ನಿಮ್ಮದು ಲೂಯಿಷಮ್. ಅಪ್ಪಿತಪ್ಪಿ ವುಲಿಚ್ ರೈಲು ಹತ್ತಿದರೆ ಗಾಬರಿ ಬೇಡ, ಶ್ಯಾಡ್‌ವೆಲ್‌ನಲ್ಲಿ ಇಳಿದು ಅದೇ ಪ್ಲಾಟ್‌ಫಾರ್ಮಿನಲ್ಲಿ ಲೂಯಿಷಮ್ ರೈಲಿಗೆ ಕಾಯಿರಿ. ಹತ್ತುವಾಗ ರೈಲಿನ ನಡುವಿನ ಭಾಗಕ್ಕೇ ಹತ್ತಿ. ಕಟ್ಟಿ ಸಾರ್ಕ್‌ನ ಪ್ಲಾಟ್‌ಫಾರ್ಮ್ ಗಿಡ್ಡ, ರೈಲಿನ ಎರಡೂ ತುದಿಯ ಬಾಗಿಲುಗಳು ಅಲ್ಲಿ ತೆರೆಯುವುದಿಲ್ಲ. ಮಡ್‌ಚೂಟ್ ದಾಟಿದ ಮೇಲೆ ರೈಲು ಮತ್ತೆ ಸುರಂಗಕ್ಕೆ ಇಳಿಯುತ್ತದೆ. ಐಲ್ಯಾಂಡ್ ಗಾರ್ಡನ್ಸ್ ಆದ ಮೇಲಿನ ಕತ್ತಲಲ್ಲಿ ನಿಮ್ಮ ತಲೆಯ ಮೇಲೆ ಥೇಮ್ಸ್ ನದಿ ಹರಿಯುತ್ತಿರುತ್ತದೆ. ಅದರ ಮುಂದಿನದೇ ನಿಮ್ಮ ಸ್ಟೇಷನ್. ಮೇಲೆ ಬರಲು ಲಿಫ್ಟ್ ಇದೆ.